ಸೋಡಾ ಗಾಡಿಯ ಹೊಸ ತಳ

ಭಾನುವಾರ ಬೆಳಿಗ್ಗೆ ಆರೂವರೆಗೆ ಪ್ರಭುಲಿಂಗ ತನ್ನ ಹಳೆಯ ಪಿಕಪ್ಪಿನ ಹಿಂಭಾಗಕ್ಕೆ ಹತ್ತಿದ್ದು ಒಂದೇ ಒಂದು ಹೊಂಗೆ ಎಲೆಯನ್ನು ಎತ್ತಿ ಬಿಸಾಡುವುದಕ್ಕೆ. ತೊಳೆದು ಒರೆಸಿ ಮಿಂಚುತ್ತಿದ್ದ ಗಾಡಿಯ ಮೇಲೆ ಆ ಎಲೆ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಬಗ್ಗಿ ಕೈ ಚಾಚಿ ಬಲಗಾಲನ್ನು ಮುಂದಿಟ್ಟ. ಇಟ್ಟ ಕಾಲು ಇಟ್ಟಲ್ಲಿ ನಿಲ್ಲದೆ, ಲೊಟಕ್ಕನೆ ಸದ್ದು ಮಾಡಿ, ಮೊಣಕಾಲಿನವರೆಗೂ ಕೆಳಗೆ ಹೋಯಿತು. ಎಲೆಯೇನೋ ಕೈಗೆ ಸಿಕ್ಕಿತು.

"ಕಾವೇರೀ!"

ಹೆಂಡತಿ ಕೈಗೆ ಮೆತ್ತಿದ್ದ ಜೋಳದ ಹಿಟ್ಟಿನ ಸಮೇತ ಹೊರಗೆ ಬಂದಳು. ಮೊದಲು ಗಾಡಿಯ ಮೇಲೆ ನೋಡಿದಳು, ಆಮೇಲೆ ಬಗ್ಗಿ ಗಾಡಿಯ ಕೆಳಗೆ ನೋಡಿದಳು. ಅಲ್ಲಿ ಗಂಡನ ಪಾದ ಹವಾಯಿ ಚಪ್ಪಲಿಯೊಡನೆ ತೂಗಾಡುತ್ತಿತ್ತು.

"ಮ್ಯಾಲ ಮುಕ್ಕಾಲು, ಕೆಳಗ ಕಾಲು. ಏನ್ರೀ ಇದು?"

"ತಳ ಹೋತು."

"ತಳ ಹೋಗಿ ಯಾವ ಕಾಲ ಆತೋ. ನಿಮಗ ಇವತ್ತ ಗೊತ್ತಾತು."

ಪ್ರಭುಲಿಂಗ ಕುಷ್ಟಗಿ ಕಡೆಯವನು. ಇಂದಿರಾನಗರದ ಒಂದು ಆಫೀಸಿನಲ್ಲಿ ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಕಂಪ್ಯೂಟರಿಗೆ ತುಂಬುವುದು ಅವನ ಕೆಲಸ. ಇಸ್ಪೀಟಿಲ್ಲ, ಸಿಗರೇಟಿಲ್ಲ, ನೆರೆಹೊರೆಯವರು ತಮ್ಮ ಮಕ್ಕಳಿಗೆ ತೋರಿಸಿ ಬುದ್ಧಿ ಹೇಳಬಹುದಾದಂಥ ಮನುಷ್ಯ. ಅವನಿಗಿದ್ದ ಚಟ ಒಂದೇ, ಈ ಗಾಡಿ. ಹಲಸೂರಿನಲ್ಲಿ ಬಾಗಿಲು ಹಾಕಿದ್ದ ಒಂದು ಗೋಲಿ ಸೋಡಾ ಕಾರ್ಖಾನೆಯ ಹಿತ್ತಲಲ್ಲಿ ಅದು ಬಿದ್ದಿತ್ತು. ಸಾವಿರದ ಒಂಬೈನೂರ ಅರವತ್ತನಾಲ್ಕರ ಮಾಡೆಲ್ಲು. ಮೂತಿಯ ಮೇಲೆ ತೊಂಡೆಬಳ್ಳಿ ಹಬ್ಬಿಕೊಂಡಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನು ಕಂಡವನು ಆಮೇಲೆ ಒಂದು ವಾರ ಊಟ ಸೇರದೆ ಇದ್ದ. ಕೊನೆಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ರಾಮಮೂರ್ತಿ ನಗರದ ತನ್ನ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದ. ಅದಾಗಿ ನಾಲ್ಕು ವರ್ಷ. ನಾಲ್ಕು ವರ್ಷದ ಭಾನುವಾರಗಳೆಲ್ಲ ಅದರ ಹೊಟ್ಟೆಗೇ ಹೋದವು. ಎಂಜಿನ್ ಉಸಿರಾಡಿತು, ದೀಪ ಹತ್ತಿತು, ಹಾರ್ನು ಕೂಗಿತು. ಕಣ್ಣಿಗೆ ಕಾಣುವುದನ್ನೆಲ್ಲ ಅವನು ಸರಿಮಾಡಿದ್ದ. ತಳದ ಹಲಗೆಗಳಿಗೆ ಮಾತ್ರ ಮೇಲೊಂದು ತಗಡು ಹೊಡೆದು, ಅದಕ್ಕೆ ಹಸಿರು ಬಣ್ಣ ಬಳಿದು ಮರೆತುಬಿಟ್ಟಿದ್ದ.

ಕಾವೇರಿ ಕಳೆದ ವಾರವೇ ಷರತ್ತು ಹಾಕಿದ್ದಳು. "ಮನಿ ಮುಂದ ಇದನ್ನ ನೋಡಿ ನೋಡಿ ಸಾಕಾಗ್ಯಾದ. ಭಾನುವಾರ ಮೆರವಣಿಗಿ ಮುಗಿಸಿ ನೆಟ್ಟಗ ಮನಿಗೆ ಬಂತಂದ್ರ ಇರ್ಲಿ. ಇಲ್ಲಂದ್ರ ಸೋಮವಾರ ಗುಜರಿಗೆ. ನಾ ಮತ್ತೊಮ್ಮೆ ಹೇಳೂದಿಲ್ಲ." ಅವಳು ನಿಜಕ್ಕೂ ಮತ್ತೊಮ್ಮೆ ಹೇಳುವವಳಲ್ಲ. ಮದುವೆಯಾದ ಹೊಸತರಲ್ಲಿ ಗಂಡನ ಮೀಸೆಯ ಬಗ್ಗೆ ಒಂದೇ ಸಲ ಹೇಳಿದ್ದಳು. ಈಗ ಮೀಸೆ ಇರಲಿಲ್ಲ.

ಮೆರವಣಿಗೆ ಎಂದರೆ ಕನ್ನಡ ರಾಜ್ಯೋತ್ಸವದ್ದು. ನವೆಂಬರ್ ಒಂದು ಕಳೆದು ಮೂರು ವಾರವಾಗಿತ್ತು ನಿಜ. ಆದರೆ ಬೆಂಗಳೂರಿನಲ್ಲಿ ನವೆಂಬರ್ ತಿಂಗಳ ಯಾವ ಭಾನುವಾರವಾದರೂ ರಾಜ್ಯೋತ್ಸವವೇ. ಶಾಮಿಯಾನದವರು ಬಿಡುವಾಗಿ ಸಿಗಬೇಕು ಅಷ್ಟೆ. ಆರನೇ ಕ್ರಾಸಿನ ಗೆಳೆಯರ ಬಳಗದ ಮೆರವಣಿಗೆ ಅಂದು ಸಂಜೆ ಐದಕ್ಕೆ. ತಾಯಿ ಭುವನೇಶ್ವರಿಯ ಪಟ, ಅದರ ಮುಂದೆ ಎಂಟು ಜನರ ಡೊಳ್ಳು ಕುಣಿತ, ಎಲ್ಲವೂ ಪ್ರಭುಲಿಂಗನ ಪಿಕಪ್ಪಿನ ಮೇಲೆ. ಚಾಲಕನ ಜಾಗದಲ್ಲಿ ರೇಷ್ಮೆ ಪಂಚೆ, ಮೈಸೂರು ಪೇಟ ತೊಟ್ಟ ಪ್ರಭುಲಿಂಗ. ಆ ಚಿತ್ರವನ್ನು ಅವನು ಮನಸ್ಸಿನಲ್ಲೇ ಎಷ್ಟು ಸಲ ನೋಡಿಕೊಂಡಿದ್ದನೋ ಲೆಕ್ಕವಿಲ್ಲ.

ಈಗ ನೋಡಿದರೆ ತೂತಿನಿಂದ ಕಾಲು ಹೊರಕ್ಕೆ ಬರುತ್ತಿಲ್ಲ.

ಕೂಗು ಕೇಳಿ ಎದುರು ಮನೆಯ ಚಂದ್ರಶೇಖರಯ್ಯನವರು ಬಂದರು. ಇವರು ಬಳಗದ ಅಧ್ಯಕ್ಷರು. ಅದಕ್ಕಿಂತ ಮುಖ್ಯವಾಗಿ, ವಿಮಾನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ವಿಮಾನಪುರದ ಕ್ವಾರ್ಟರ್ಸ್ ಬಿಟ್ಟು ಇಲ್ಲಿ ಮನೆ ಕಟ್ಟಿಸಿದರೂ ಇನ್‌ಸ್ಪೆಕ್ಷನ್ ಬಿಟ್ಟಿರಲಿಲ್ಲ. ಬೇರೆಯವರು ಜೇಬಿನಲ್ಲಿ ಪೆನ್ನು ಇಡುವಂತೆ ಇವರು ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳುತ್ತಿದ್ದರು. ತರಕಾರಿ ಗಾಡಿಯವಳು ಇವರನ್ನು ಕಂಡರೆ ಬೀನ್ಸನ್ನು ಮುಚ್ಚಿಡುತ್ತಿದ್ದಳು.

ಅವರು ತೂತನ್ನು ನೋಡಿದರು, ಕಾಲನ್ನು ನೋಡಿದರು, ವರ್ನಿಯರ್ ತೆಗೆದು ತಗಡಿನ ದಪ್ಪ ಅಳೆದರು.

"ಪಾಯಿಂಟ್ ಫೋರ್ ಮಿಲಿಮೀಟರ್. ಪ್ರಭುಲಿಂಗ ಅವರೇ, ಇದು ತಗಡಲ್ಲ, ಬಣ್ಣ. ಬಣ್ಣದ ಮೇಲೆ ಎಂಟು ಜನ ಕುಣಿಯೋಕಾಗುತ್ತೇನ್ರಿ?"

"ಸಾರ್, ಮೊದ್ಲು ಕಾಲು..."

"ಕಾಲು ಆಮೇಲೆ. ಮೊದ್ಲು ಡಿಸಿಷನ್. ಸಿದ್ಧಲಿಂಗೇಶನ ನೀರಿನ ಟ್ಯಾಂಕರ್ ಇದೆ. ಅದಕ್ಕೇ ಹೂವು ಕಟ್ಟಿಬಿಡೋಣ್ವಾ?"

ತಾಯಿ ಭುವನೇಶ್ವರಿ ನೀರಿನ ಟ್ಯಾಂಕರಿನ ಮೇಲೆ! ಪ್ರಭುಲಿಂಗನ ಎದೆ ಧಸಕ್ಕೆಂದಿತು. ಅದಕ್ಕಿಂತ ಹೆಚ್ಚಾಗಿ, ಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಹೆಂಡತಿಯ ಮುಖದಲ್ಲಿ ಸೋಮವಾರ ಬೆಳಗಾಗುತ್ತಿರುವುದು ಕಾಣಿಸಿತು.

"ಬೇಡ ಸಾರ್! ಸಂಜೆ ಒಳಗೆ ಹೊಸ ತಳ ಹಾಕಿಸ್ತೀನಿ. ನನ್ನ ಮೇಲೆ ಬಿಡಿ."

ಒಂದು ಕಾಲು ತೂತಿನಲ್ಲಿರುವಾಗ ಹೀಗೆ ಮಾತು ಕೊಡಬಾರದು. ಆದರೆ ಕೊಟ್ಟಾಗಿತ್ತು. ಅಲ್ಲಿಂದಲೇ ಶಿವಾಜಿನಗರದ ಇನಾಯತ್ ಉಲ್ಲಾಗೆ ಫೋನ್ ಮಾಡಿದ.

ಇನಾಯತ್ ಉಲ್ಲಾ ಲಾರಿಗಳಿಗೆ ಬಾಡಿ ಕಟ್ಟುವವನು. ಅಪ್ಪನ ಕಾಲದಿಂದ ಅದೇ ಕಸುಬು. ಟೇಪು ಮುಟ್ಟುವವನಲ್ಲ, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನೋಡಿದರೆ ಅದೇ ಅಳತೆ. "ಪ್ರಭು ಭಾಯ್, ಟೆನ್ಶನ್ ತಗೋಬೇಡಿ. ಕಂಟೋನ್ಮೆಂಟಲ್ಲಿ ಹಳೇ ಬಂಗಲೆ ಒಂದು ಕೆಡವಿದ್ರು. ಅದ್ರ ತೇಗದ ಹಲಗೆ ನನ್ನತ್ರ ಇದೆ. ನೂರು ವರ್ಷದ ಮಾಲು. ಅಳತೆ ಹೇಳಿ, ಬಸ್."

ಪ್ರಭುಲಿಂಗ ಬಾಯಿ ತೆರೆಯುವ ಮೊದಲೇ ಚಂದ್ರಶೇಖರಯ್ಯನವರು ಫೋನ್ ಕಿತ್ತುಕೊಂಡರು. ಅವರ ಕಾರ್ಖಾನೆಯಲ್ಲಿ ಯಾವ ಮಾಲನ್ನೂ ಇರಬೇಕಾದ ಅಳತೆಗೆ ತರಿಸುತ್ತಿರಲಿಲ್ಲ. ಹೆಚ್ಚೇ ತರಿಸಿ, ಪರೀಕ್ಷೆ ಮಾಡಿ, ಪಾಸಾದ ಮೇಲೆ ಕೊಯ್ಯುವುದು ಪದ್ಧತಿ. ಐದಡಿ ಅಗಲದ ಗಾಡಿಗೆ ಅಡಿಯಲ್ಲಿ ಹಾಕುವ ನಾಲ್ಕು ಅಡ್ಡ ತೊಲೆಗಳನ್ನು ಅವರು ಹನ್ನೊಂದಡಿ ಎಂದು ಬರೆಸಿದರು.

ಗೂಡ್ಸ್ ಆಟೋದಲ್ಲಿ ಹಲಗೆ ಹೊತ್ತು ಹೊರಟ ಇನಾಯತ್ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಜಾಮಿನಲ್ಲಿ ಒಂದು ಗಂಟೆ ನಿಂತು ಹತ್ತಕ್ಕೆ ಬಂದ. ಅಷ್ಟರಲ್ಲಿ ನಾಲ್ಕು ಜನ ಎಳೆದು ಪ್ರಭುಲಿಂಗನ ಕಾಲನ್ನು ಬಿಡಿಸಿದ್ದರು. ಚಪ್ಪಲಿ ಬಂದಿರಲಿಲ್ಲ.

ಹಳೆಯ ತಳ ಕೀಳುವುದು ಶುರುವಾಯಿತು. ಅರವತ್ತು ವರ್ಷದ ಬೋಲ್ಟುಗಳು ಪಾನೆ ಹಾಕಿದರೆ ತಿರುಗದೆ, ಗ್ರೈಂಡರ್ ಹಾಕಿದರೆ ಕಿಡಿ ಕಾರುತ್ತ ಒಂದೊಂದಾಗಿ ಬಿದ್ದವು. ತುಕ್ಕಿನ ಪುಡಿ ಹಾರಿ, ಮಾಳಿಗೆಯ ಮೇಲೆ ಇರುವ ಮನೆಯ ಓನರ್ ರಾಮಲಕ್ಷ್ಮಮ್ಮನವರು ಬೆಳಿಗ್ಗೆಯಷ್ಟೇ ಹಾಕಿದ್ದ ರಂಗೋಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅವರು ಬಾಲ್ಕನಿಯಿಂದ ಬಗ್ಗಿದರು.

"ಏನಪ್ಪಾ ಪ್ರಭು, ಹಬ್ಬದ ದಿನ ಮನೆ ಮುಂದೆ ಕಮ್ಮಾರಸಾಲೆ ಹಾಕ್ಬಿಟ್ಟಿದ್ದೀಯಲ್ಲ! ನಾನು ನೂರಿಪ್ಪತ್ತು ಮೊಳ ಚೆಂಡು ಹೂವು ತಂದಿಟ್ಟಿದ್ದೀನಿ. ಅದನ್ನ ಯಾವುದಕ್ಕೆ ಕಟ್ಲಿ, ನಿನ್ ಕುತ್ತಿಗೆಗಾ?"

"ಮೂರು ಗಂಟೆಗೆ ರೆಡಿ ಆಗುತ್ತೆ ಅಮ್ಮ."

ಆಗ ಇನಾಯತ್ ಕೊನೆಯ ಹಲಗೆಗೆ ಹಾರೆ ಕೊಟ್ಟು ಎತ್ತಿದ. ಹಲಗೆಗೂ ಅದರಡಿ ಮುಂಭಾಗದಲ್ಲಿ ಮಾತ್ರ ಇದ್ದ ಇನ್ನೊಂದು ಹಳೆಯ ತಗಡಿಗೂ ನಡುವೆ ಸೋಡಾ ಕಾರ್ಖಾನೆಯ ಕಾಲದಲ್ಲಿ ಒಡೆದ ಸೀಸೆಗಳ ಗೋಲಿಗಳೆಲ್ಲ ಬಂದು ಸೇರಿಕೊಂಡಿದ್ದವು. ಒಂದಲ್ಲ, ಎರಡಲ್ಲ, ಎರಡು ಬಕೆಟ್ ತುಂಬುವಷ್ಟು. ಅವು ಜಲಪಾತದ ಹಾಗೆ ಸುರಿದು, ಆರನೇ ಕ್ರಾಸಿನ ಇಳಿಜಾರಿನಲ್ಲಿ ಗಲಗಲನೆ ಉರುಳುತ್ತ ಹೋದವು. ಅದೇ ಹೊತ್ತಿಗೆ ಡೊಳ್ಳು ತಂಡದ ಮುಖ್ಯಸ್ಥ ಅಮರಪ್ಪ, ಕುಣಿಯುವ ಜಾಗ ಹೇಗಿದೆ ನೋಡೋಣವೆಂದು, ಡೊಳ್ಳನ್ನು ಹೊಟ್ಟೆಗೆ ಕಟ್ಟಿಕೊಂಡು ಇಳಿಜಾರು ಹತ್ತಿ ಬರುತ್ತಿದ್ದ. ಹೊಟ್ಟೆಯ ಮೇಲೆ ಡೊಳ್ಳಿರುವವನಿಗೆ ತನ್ನ ಕಾಲು ತನಗೆ ಕಾಣುವುದಿಲ್ಲ. ಅವನು ನಿಂತಲ್ಲೇ ಎರಡು ಹೆಜ್ಜೆ ಅದ್ಭುತವಾಗಿ ಕುಣಿದು, ಮೂರನೆಯದಕ್ಕೆ ಅಂಗಾತ ಬಿದ್ದ.

ಡೊಳ್ಳಿಗೆ ಏನೂ ಆಗಲಿಲ್ಲ. ಅಮರಪ್ಪನ ಕಾಲು ಉಳುಕಿತು.

"ಅಯ್ಯಯ್ಯೋ, ಕಾಲು ಹೋತಲ್ಲೋ ಯಪ್ಪಾ!"

ಎಲ್ಲರೂ ಅಮರಪ್ಪನತ್ತ ಓಡಿದರು. ಚಂದ್ರಶೇಖರಯ್ಯನವರು ಒಂದು ಗೋಲಿಯನ್ನು ಹೆಕ್ಕಿ ವರ್ನಿಯರಿಗೆ ಹಿಡಿದರು, ಮತ್ತೊಂದನ್ನು ಹಿಡಿದರು, ಮಗದೊಂದನ್ನು ಹಿಡಿದರು. "ನೋಡ್ರಿ, ಎಲ್ಲಾ ಒಂದೇ ಸೈಜು. ಆ ಕಾಲದ ಕೆಲಸ ಅಂದ್ರೆ ಕೆಲಸ!" ಎಂದು ಮನಸಾರೆ ಮೆಚ್ಚಿದರು. ಕಾವೇರಿ ಮಾತ್ರ ಒಳಗಿನಿಂದ ಅರಿಸಿನ ಸುಣ್ಣ ಕಲಸಿ ತಂದು ಅಮರಪ್ಪನ ಕಾಲಿಗೆ ಪಟ್ಟು ಹಾಕಿದಳು. ಹಾಕುತ್ತಲೇ ಗಂಡನನ್ನು ಒಮ್ಮೆ ನೋಡಿದಳು. ಪ್ರಭುಲಿಂಗ ಹಲಗೆ ಎಣಿಸುವವನಂತೆ ಆ ಕಡೆ ತಿರುಗಿದ.

ಹನ್ನೆರಡಕ್ಕೆ ಹೊಸ ಹಲಗೆಗಳ ತಪಾಸಣೆ. ಚಂದ್ರಶೇಖರಯ್ಯನವರು ಚಾಕ್‌ಪೀಸ್ ಹಿಡಿದು ಒಂದೊಂದನ್ನೂ ಬಡಿದು, ಮೂಸಿ, ಬಿಸಿಲಿಗೆ ಎತ್ತಿ ನೋಡಿದರು. ಮೊದಲ ಹಲಗೆಗೇ ಗೀಟು ಬಿತ್ತು.

"ಇದರಲ್ಲಿ ಗಂಟಿದೆ. ರಿಜೆಕ್ಟ್."

"ಅರೆ ಸಾರ್, ಮರ ಅಂದ್ಮೇಲೆ ಗಂಟು ಇರುತ್ತೆ. ಮನುಷ್ಯನಿಗೆ ಮೊಣಕೈ ಇರಲ್ವಾ?"

"ವಿಮಾನದಲ್ಲಿ ಇರೋ ಹಾಗಿಲ್ಲ."

"ಇದು ಹಾರಲ್ಲ ಸಾರ್!"

"ಹಾಗಂತ ಬರೆದು ಕೊಡ್ತೀರಾ?"

ಎರಡು ಹಲಗೆಗಳ ನಡುವೆ ಸಂದು ಎಷ್ಟಿರಬೇಕು ಎಂಬಲ್ಲಿಗೆ ಬಂದಾಗ ಜಗಳ ತಾರಕಕ್ಕೇರಿತು. ಮರ ಮಳೆಗೆ ಉಬ್ಬುತ್ತದೆ, ಉಸಿರಾಡಲು ಜಾಗ ಬೇಕು, ಒಂದು ರೂಪಾಯಿ ನಾಣ್ಯ ಇಟ್ಟು ನೋಡುವುದು ನಮ್ಮಪ್ಪನ ಕಾಲದ ಲೆಕ್ಕ ಎಂದು ಇನಾಯತ್ ಹೇಳಿದ. ನಾಣ್ಯ ಅಳತೆಯ ಸಾಧನವಲ್ಲ ಎಂದು ಇವರು ಹೇಳಿದರು. ಪ್ರಭುಲಿಂಗ ಇಬ್ಬರ ನಡುವೆ ನಿಂತು, ಗಡಿಯಾರ ನೋಡುತ್ತ, ಒಮ್ಮೆ ಅವರಿಗೆ ಒಮ್ಮೆ ಇವನಿಗೆ ಮಜ್ಜಿಗೆ ಕೊಡುತ್ತಿದ್ದ.

ಆಮೇಲೆ ಚಂದ್ರಶೇಖರಯ್ಯನವರು ಹಟಕ್ಕೆ ಬಿದ್ದು ನಾಣ್ಯ ಇಸಿದುಕೊಂಡು ವರ್ನಿಯರಿಗೆ ಹಿಡಿದರು. ತಮ್ಮ ಪುಸ್ತಕದಲ್ಲಿ ಗೀಚಿ ಲೆಕ್ಕ ಹಾಕಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಸರಿಯಾಗೇ ಇದೆಯಲ್ರೀ!"

"ನಮ್ಮಪ್ಪ ಸ್ಕೂಲಿಗೆ ಹೋಗಿರ್ಲಿಲ್ಲ ಸಾರ್."

ಅಲ್ಲಿಂದ ಅವರಿಬ್ಬರೂ ಜೀವದ ಗೆಳೆಯರಾದರು. ಇದರಿಂದ ಪ್ರಭುಲಿಂಗನಿಗೆ ಅನುಕೂಲವೇನೂ ಆಗಲಿಲ್ಲ. ಜಗಳವಾಡುವಾಗ ಒಂದು ಹಲಗೆಗೆ ಕಾಲು ಗಂಟೆ ಹಿಡಿಯುತ್ತಿದ್ದರೆ, ಸ್ನೇಹವಾದ ಮೇಲೆ ಅರ್ಧ ಗಂಟೆ ಹಿಡಿಯತೊಡಗಿತು. ಇವನು ಕಣ್ಣು ಮುಚ್ಚಿ ನೋಡುವುದು, ಅವರು ಅಳೆದು ನೋಡುವುದು, ಇಬ್ಬರೂ "ವಾಹ್!" ಎನ್ನುವುದು. ಊಟವನ್ನೂ ಮರೆತು ಆ ತಳವನ್ನು ಅವರು ಕಟ್ಟಿದ ರೀತಿ ನೋಡಿ, ಮೊದಲು ಬಯ್ಯಲು ಬಂದಿದ್ದ ರಾಮಲಕ್ಷ್ಮಮ್ಮನವರು ಸುಮ್ಮನೆ ಕಾಫಿ ಕಳಿಸಿದರು. ಅಡಿಯಲ್ಲಿ ನಾಲ್ಕು ಅಡ್ಡ ತೊಲೆ, ಮೇಲೆ ತೇಗದ ಹಲಗೆ, ನಡುನಡುವೆ ಹೊಳೆಯುವ ಕಬ್ಬಿಣದ ಪಟ್ಟಿ. ಗಾಡಿಯ ಬೆನ್ನೆಲುಬಾದ ಚಾಸಿಗೆ ಹಿಡಿಸಲು ನಾಲ್ಕು ದಪ್ಪ ಬೋಲ್ಟು.

ತೊಲೆಗಳು ಮಾತ್ರ ಎರಡೂ ಕಡೆ ಮೂರು ಮೂರಡಿ ಹೊರಗೆ ಚಾಚಿಕೊಂಡಿದ್ದವು.

"ಇವನ್ನ ಕೊಯ್ಯೋದು ಯಾವಾಗ?" ಪ್ರಭುಲಿಂಗ ಕೇಳಿದ.

ಇನಾಯತ್ ತೊಲೆಯ ಮೇಲೆ ಅಂಗೈ ಆಡಿಸಿದ. "ನೂರು ವರ್ಷದ ತೇಗ ಪ್ರಭು ಭಾಯ್. ಗರಗಸ ಹಾಕೋಕೆ ಕೈ ಬರ್ತಿಲ್ಲ."

"ಇವತ್ತು ಹಾಗೇ ಇರ್ಲಪ್ಪ," ಎಂದರು ರಾಮಲಕ್ಷ್ಮಮ್ಮ. "ಹೂವು ಸುತ್ತೋಕೆ ಚೆನ್ನಾಗಿದೆ."

ನಾಲ್ಕೂಕಾಲಿಗೆ ಕೊನೆಯ ಪರೀಕ್ಷೆ. ಎಂಟು ಜನ ಕುಣಿಯುವ ತಳದ ಮೇಲೆ ಹದಿನಾರು ಜನ ನಿಂತು ನೋಡಬೇಕು, ಡಬಲ್ ಲೋಡಿಲ್ಲದೆ ಸರ್ಟಿಫಿಕೇಟಿಲ್ಲ ಎಂದರು ಅಧ್ಯಕ್ಷರು. ಕ್ರಾಸಿನ ಹದಿನಾರು ಜನ ಟಿನ್ ಫ್ಯಾಕ್ಟರಿಯ ಬಸ್ಸು ಹತ್ತಿದವರಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. "ಒಂದು, ಎರಡು, ಮೂರು, ಹಾರಿ!" ಎಂದಾಗ ಹದಿನಾರೂ ಜನ ಹಾರಿದರು. ಮೂರು ಸಲ ಹಾರಿದರು. ತಳ ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಆದರೆ ಮೂರನೇ ಸಲ, ಗಾಡಿಯ ಹೊಟ್ಟೆಯೊಳಗೆ ಎಲ್ಲೋ, ಮುದುಕರು ಕುರ್ಚಿಯಿಂದ ಏಳುವಾಗ ಬರುವಂಥ ಒಂದು ಸಣ್ಣ ನರಳಾಟ ಪ್ರಭುಲಿಂಗನಿಗೆ ಕೇಳಿಸಿತು.

"ಸಾರ್, ಕೆಳಗೆ ಚಾಸಿಯಿಂದ ಏನೋ ಸದ್ದು ಬಂತು."

"ತಳದಿಂದ ಬಂತಾ?"

"ಇಲ್ಲ, ಚಾಸಿಯಿಂದ."

"ಇನ್‌ಸ್ಪೆಕ್ಷನ್ನಿಗೆ ಕೊಟ್ಟಿರೋದು ತಳ. ತಳ ಪಾಸ್," ಎಂದು ಚಂದ್ರಶೇಖರಯ್ಯನವರು ಹಲಗೆಯ ಮೇಲೆ ಚಾಕಿನಲ್ಲಿ ಸಹಿ ಹಾಕಿ, ಸ್ನಾನಕ್ಕೆ ಹೋದರು.

ಐದೂಕಾಲಿಗೆ ಮೆರವಣಿಗೆ ಹೊರಟಿತು. ಅಹಾ, ಅದನ್ನು ನೋಡಬೇಕಿತ್ತು! ಮುಂದೆ ಪೂರ್ಣಕುಂಭ ಹಿಡಿದ ಹೆಂಗಸರು, ಅವರಲ್ಲಿ ಇಳಕಲ್ ಸೀರೆಯುಟ್ಟ ಕಾವೇರಿ. ಹಿಂದೆ ಬಾಳೆಕಂದು, ಚೆಂಡು ಹೂವು, ಹಳದಿ ಕೆಂಪು ಬಾವುಟಗಳ ನಡುವೆ ತಾಯಿಯ ಪಟ. ಪಟದ ಮುಂದೆ ದೀಪ. ಅಮರಪ್ಪನನ್ನು ಕಾಲಿಗೆ ಪಟ್ಟು ಕಟ್ಟಿ ಚಾಲಕನ ಪಕ್ಕ ಕೂರಿಸಿದ್ದರು. ಸ್ಟಿಯರಿಂಗ್ ಹಿಂದೆ ಪೇಟ ತೊಟ್ಟ ಪ್ರಭುಲಿಂಗ, ತಾನೇ ರಾಜ್ಯವನ್ನು ಏಕೀಕರಣ ಮಾಡಿದವನಂತೆ ಕೂತಿದ್ದ. ತಳದ ಮೇಲೆ ಎಂಟು ಡೊಳ್ಳು, ರಸ್ತೆಯ ಮೇಲೆ ತಂಡದ ಉಳಿದ ಏಳು ಡೊಳ್ಳು; ಎಂಟನೆಯದು ಅಮರಪ್ಪನದಾಗಬೇಕಿತ್ತು. ಮನೆಮನೆಯವರು ಬಾಗಿಲಿಗೆ ಬಂದು ಗಾಡಿಯನ್ನು ಫೋನಿನಲ್ಲಿ ಹಿಡಿದುಕೊಂಡರು. ಕಾವೇರಿ ಒಮ್ಮೆ ಹಿಂತಿರುಗಿ ನೋಡಿ ನಕ್ಕಳು. ನಾಲ್ಕು ವರ್ಷದಲ್ಲಿ ಅವಳು ಆ ಗಾಡಿಯ ಕಡೆ ನೋಡಿ ನಕ್ಕಿದ್ದು ಅದೇ ಮೊದಲು. ಪ್ರಭುಲಿಂಗನ ಕಣ್ಣು ಒದ್ದೆಯಾಯಿತು.

ಕ್ರಾಸಿನಿಂದ ಮುಖ್ಯರಸ್ತೆಗೆ ತಿರುಗುವಲ್ಲಿ ಒಂದು ಉಬ್ಬು ಇದೆ. ಮುಂದಿನ ಚಕ್ರಗಳು ಅದನ್ನು ದಾಟಿದವು. ತಳದ ಮೇಲಿದ್ದ ಎಂಟೂ ಜನ ಡೊಳ್ಳು ಬಾರಿಸುತ್ತ ಒಟ್ಟಿಗೆ ಮೇಲಕ್ಕೆ ಹಾರಿ ಒಟ್ಟಿಗೆ ಇಳಿದರು.

ಲಟ್!

ಅರವತ್ತು ವರ್ಷದ ಚಾಸಿ ಕ್ಯಾಬಿನ್ನಿನ ಹಿಂದೆ ಸರಿಯಾಗಿ ಎರಡಾಗಿ ಮುರಿಯಿತು. ಗಾಡಿ, ಗದ್ದೆಯ ಕೆಲಸ ಮುಗಿಸಿದ ಎಮ್ಮೆ ಕೂರುವ ಹಾಗೆ, ನಿಧಾನಕ್ಕೆ ರಸ್ತೆಯ ನಡುವೆ ಕೂತುಬಿಟ್ಟಿತು. ಮೂತಿ ಒಂದು ಕಡೆ, ಬಾಲ ಒಂದು ಕಡೆ. ಪ್ರಭುಲಿಂಗನ ಪೇಟ ಮುಂದಿನ ಗಾಜಿಗೆ ಬಡಿದು ಮೂಗಿನ ಮೇಲೆ ಇಳಿಯಿತು. ಹಿಂದಿನ ತಳ ಮಾತ್ರ ಇದ್ದ ಹಾಗೇ ಇತ್ತು. ಪಟ ಅಲುಗಿರಲಿಲ್ಲ, ದೀಪ ಆರಿರಲಿಲ್ಲ. ಎಂಟು ಜನರೂ ಏನಾಯಿತೆಂದು ತಿಳಿಯದೆ ಇನ್ನೂ ಕುಣಿಯುತ್ತಿದ್ದರು.

"ನೋಡಿದ್ರಾ!" ಎಂದು ಚಂದ್ರಶೇಖರಯ್ಯನವರು ಇನಾಯತನ ಕೈ ಹಿಡಿದು ಕುಲುಕಿದರು. "ಒಂದು ಹನಿ ಎಣ್ಣೆ ಚೆಲ್ಲಿಲ್ಲ! ಇದು ಕೆಲಸ!"

ಎರಡು ನಿಮಿಷದಲ್ಲಿ ಮುಖ್ಯರಸ್ತೆಯ ಎರಡೂ ಕಡೆ ಬಸ್ಸು, ಆಟೋ, ಟ್ಯಾಂಕರುಗಳ ಸಾಲು ನಿಂತು ಹಾರ್ನು ಹೊಡೆಯತೊಡಗಿದವು. ಪ್ರಭುಲಿಂಗ ಇಳಿದು, ಮುರಿದ ಚಾಸಿಯ ಮುಂದೆ ಮೊಣಕಾಲೂರಿ ಕೂತ. ಆಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಕೆಟ್ಟ ಜೋಡಣೆಯಲ್ಲಿ ಒಳ್ಳೆಯ ಭಾಗ ಸಿಕ್ಕಿಕೊಂಡರೆ ಒಳ್ಳೆಯದನ್ನು ಬಿಚ್ಚಿ ಉಳಿಸಿಕೊಳ್ಳುವುದು ಅವರ ಕಾರ್ಖಾನೆಯ ನಿಯಮವಂತೆ. ಇನಾಯತ್ ನಾಲ್ಕು ಬೋಲ್ಟು ಬಿಚ್ಚಿದ. ಎರಡೂ ಕಡೆ ಚಾಚಿದ್ದ ತೊಲೆಗಳು ಹೆಗಲಿಗೆಂದೇ ಮಾಡಿಸಿದಂತಿದ್ದವು. ಕುಣಿಯುತ್ತಿದ್ದ ಎಂಟು ಜನ ಇಳಿದು ಬಾರಿಸಲಿ, ರಸ್ತೆಯ ಮೇಲಿದ್ದವರು ಡೊಳ್ಳು ಬಿಚ್ಚಿಟ್ಟು ಅಡ್ಡೆ ದೇವರ ಹಾಗೆ ತಾಯಿಯನ್ನು ಹೊರಲಿ ಎಂದಾಯಿತು. ತೊಲೆಯ ತುದಿ ಎಂಟು. ಹೊರುವವರು ಏಳು. ಅಮರಪ್ಪನದು ಖಾಲಿ.

"ಗಾಡಿ ಓನರ್ ಇದ್ದಾರಲ್ಲ," ಎಂದು ಯಾರೋ ಹೇಳಿದರು.

"ಗಾಡಿ ಬಿಟ್ಟು ನಾನು ಹೆಂಗೆ..." ಎನ್ನುವಷ್ಟರಲ್ಲಿ ಪ್ರಭುಲಿಂಗನ ಎಡಹೆಗಲ ಮೇಲೆ ತೊಲೆ ಬಂದು ಕೂತಿತ್ತು. ನೂರಾರು ಜನ "ತಾಯಿ ಭುವನೇಶ್ವರಿಗೆ ಜೈ" ಎಂದರು. ಅಡ್ಡೆಗೆ ಒಮ್ಮೆ ಹೆಗಲು ಕೊಟ್ಟವನು ದೇವರು ಇಳಿಯುವವರೆಗೆ ಬಿಡುವ ಹಾಗಿಲ್ಲ. ಕುಷ್ಟಗಿಯಲ್ಲೂ ಅದೇ ಪದ್ಧತಿ, ಇಲ್ಲೂ ಅದೇ.

ಮೈದಾನಕ್ಕೆ ಒಂದೂವರೆ ಕಿಲೋಮೀಟರು. ಅರ್ಧ ದಾರಿಯಲ್ಲಿ ಇನಾಯತ್ ಜನರನ್ನು ಸರಿಸಿಕೊಂಡು ಓಡೋಡಿ ಬಂದು, ಅವನ ಕಿವಿಯ ಹತ್ತಿರ ಬಾಯಿಟ್ಟು ಏನೋ ಕೇಳಿದ. ಎಂಟು ಡೊಳ್ಳು ಬೆನ್ನ ಹಿಂದೆಯೇ ಬಾರಿಸುತ್ತಿದ್ದಾಗ ಏನು ತಾನೇ ಕೇಳಿಸೀತು? ಪ್ರಭುಲಿಂಗ "ಏನು?" ಎಂದು ಕೂಗಿದ. ಅದೂ ಯಾರಿಗೂ ಕೇಳಿಸಲಿಲ್ಲ. ಹೆಗಲ ಮೇಲೆ ತೊಲೆ ಇದ್ದವನ ತಲೆ ಅಡ್ಡಡ್ಡಕ್ಕೆ ಆಡುವುದಿಲ್ಲ. ಹೆಜ್ಜೆ ಹಾಕಿದಂತೆಲ್ಲ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಇನಾಯತ್ ಅವನ ಮುಖವನ್ನೇ ನೋಡುತ್ತ ಇನ್ನೊಮ್ಮೆ ಕೇಳಿದ. ಪ್ರಭುಲಿಂಗನ ತಲೆ ಮೇಲೂ ಕೆಳಗೂ ಆಡಿತು. ಇನಾಯತ್ ಅವನ ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು, ವಾಪಸು ಓಡಿದ. ಎಂಥ ಒಳ್ಳೆ ಮನುಷ್ಯ, ಭಾರವಾಯಿತೇ ಎಂದು ವಿಚಾರಿಸಲು ಇಷ್ಟು ದೂರ ಬಂದನಲ್ಲ ಎಂದು ಪ್ರಭುಲಿಂಗನಿಗೆ ಅನಿಸಿತು.

ಮೈದಾನದಲ್ಲಿ ತಾಯಿಯನ್ನು ಇಳಿಸಿದಾಗ ಏಳು ಗಂಟೆ. ಆರನೇ ಕ್ರಾಸಿನ ಮೆರವಣಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ಆಗಿರಲಿಲ್ಲ ಎಂದು ಎಲ್ಲರೂ ಒಪ್ಪಿದರು. ಗಾಡಿಯ ಹೊಗೆಯಿಲ್ಲ, ಗದ್ದಲವಿಲ್ಲ, ಇನ್ನು ಪ್ರತಿ ವರ್ಷವೂ ಹೆಗಲ ಮೇಲೆಯೇ ಎಂದು ಅಧ್ಯಕ್ಷರು ಮೈಕಿನಲ್ಲಿ ಘೋಷಿಸಿ, ಪ್ರಭುಲಿಂಗನಿಗೆ ಶಾಲು ಹೊದಿಸಿದರು. ಶಾಲು ತಾಗಿದ್ದು ತೊಲೆ ಕೂತಿದ್ದ ಹೆಗಲಿಗೇ. ಅವನು ಹಲ್ಲು ಕಚ್ಚಿ ನಕ್ಕ.

ಮೂಲೆಯ ಕುರ್ಚಿಯಲ್ಲಿ ಕೂತವನ ಬಳಿಗೆ ಕಾವೇರಿ ಬಿಸಿಬೇಳೆ ಬಾತಿನ ತಟ್ಟೆ ಹಿಡಿದು ಬಂದಳು. ಅವಳ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ನೆಟ್ಟಗ ಮನಿಗೆ ಬರ್ಲಿಲ್ಲ," ಎಂದ ತಾನೇ. "ನೀ ಹೇಳಿದ್ದು ನೆನಪದ."

ಕಾವೇರಿ ಪಕ್ಕದಲ್ಲಿ ಕೂತು, ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ಸುಮ್ನಿರ್ರಿ. ಅದು ಮುರಿದಾಗ ನೀವು ರಸ್ತಾದಾಗ ಕೂತದ್ದು ನಾ ನೋಡೀನಿ. ಮನಿಯವ್ರು ಯಾರೋ ಬಿದ್ದಂಗ ಕೂತಿದ್ರಲ್ಲ. ಹೋಗ್ಲಿ ಬಿಡ್ರಿ, ಆ ಗಾಡಿ ಇರ್ಲಿ. ಚಾಸಿ ಬೆಸಿಗಿ ಹಾಕಸೂಣು. ನನ್ನ ಮಾತು ನಾನ ವಾಪಸ್ ತಗೊಂಡೀನಿ."

ಪ್ರಭುಲಿಂಗನಿಗೆ ಮೊದಲು ಕಿವಿಯನ್ನು ನಂಬಲಾಗಲಿಲ್ಲ. ಆಮೇಲೆ ನಂಬಿದ. ನಾಲ್ಕು ವರ್ಷದ ಭಾನುವಾರಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಇನಾಯತ್ ಉಲ್ಲಾ ಬೆವರು ಸುರಿಸುತ್ತ ಬಂದು ಎದುರಿಗೆ ನಿಂತ.

"ಆಯ್ತು ಪ್ರಭು ಭಾಯ್. ರಸ್ತೆ ಕ್ಲಿಯರ್."

"ಗಾಡಿ ಎಲ್ಲಿ ನಿಲ್ಸಿದ್ರಿ ಭಾಯ್? ಮನೆ ಮುಂದೇನಾ?"

"ಮನೆ ಮುಂದೆ ಯಾಕೆ? ಟಿನ್ ಫ್ಯಾಕ್ಟರಿ ಹತ್ರ ಗುಜರಿಯವನು ಭಾನುವಾರನೂ ತೆಗೆದಿರ್ತಾನೆ. ಕ್ರೇನಲ್ಲಿ ಎತ್ತಿಸ್ಕೊಂಡು ಹೋದೆ. ಗ್ಯಾಸ್ ಕಟರ್ ಹಾಕಿ ಮುಕ್ಕಾಲು ಗಂಟೇಲಿ ಮುಗಿಸಿದ್ರು."

"ಗು... ಗುಜರಿಗಾ? ಯಾರು ಹೇಳಿದ್ರು?"

"ನೀವೇ ಹೇಳಿದ್ದು! ಅಧ್ಯಕ್ಷರು ಗುಜರಿಗೆ ಹಾಕ್ಸಿಬಿಡಿ ಅಂದ್ರು. ನನಗೆ ಮನಸ್ಸು ಬರ್ಲಿಲ್ಲ. ಓನರ್ ಬಾಯಿಂದ್ಲೇ ಕೇಳ್ಬೇಕು ಅಂತ ಅಷ್ಟು ದೂರ ಓಡಿ ಬಂದೆ. ಎರಡು ಸಲ ಕೇಳಿದೆ. ಎರಡು ಸಲವೂ ಹೂಂ ಅಂತ ತಲೆ ಆಡಿಸಿದ್ರಲ್ಲ! ಎಂಥಾ ಗಟ್ಟಿ ಮನಸ್ಸು ಅಂತ ನನ್ನ ಕಣ್ಣಲ್ಲಿ ನೀರು ಬಂದ್ಬಿಡ್ತು."

ಪ್ರಭುಲಿಂಗನ ಬಾಯಲ್ಲಿ ಆ ತುತ್ತು ಒಳಗೂ ಹೋಗದೆ ಹೊರಗೂ ಬರದೆ ನಿಂತಿತ್ತು. ಕಾವೇರಿ ಅವನ ಬೆನ್ನು ಸವರಿದಳು. ಅವಳಿಗೂ ನಿಜವಾಗಿ ಬೇಜಾರಾಗಿತ್ತು. "ಹೋಗ್ಲಿ ಬಿಡ್ರಿ," ಎಂದು ಮೆಲ್ಲಗೆ ಹೇಳಿದಳು.

ಇನಾಯತ್ ಇಬ್ಬರನ್ನೂ ನೋಡಿದ. ಏನೋ ತಪ್ಪಾಗಿದೆ ಎಂದು ಅವನಿಗೂ ಅರ್ಥವಾಯಿತು. ಸಮಾಧಾನ ಹೇಳಬೇಕಲ್ಲ ಎಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅಲ್ಲಿ ದೀಪದ ಬೆಳಕಿನಲ್ಲಿ ಹೊಳೆಯುತ್ತಿದ್ದ ತೇಗದ ತಳದ ಕಡೆ ಕೈ ತೋರಿಸಿದ.

"ಬೇಜಾರ್ ಮಾಡ್ಕೋಬೇಡಿ ಪ್ರಭು ಭಾಯ್. ಇಂಥಾ ತಳ ಇದೆಯಲ್ಲ ನಿಮ್ಮತ್ರ! ಇದಕ್ಕೆ ಒಂದು ಗಾಡಿ ಹಾಕಿಸಿದ್ರೆ ಆಯ್ತು. ಕೆ.ಆರ್. ಪುರದಲ್ಲಿ ನಮ್ಮವರೊಬ್ಬರ ಶೆಡ್ಡಲ್ಲಿ ಒಂದು ಹಳೇ ಪಿಕಪ್ ನಿಂತಿದೆ. ಇದೇ ಅಗಲ. ಎಂಜಿನ್ ಇಲ್ಲ, ಬಾಗಿಲಿಲ್ಲ, ಆದ್ರೆ ಚಾಸಿ ಕಲ್ಲು ಕಲ್ಲು."

ಪ್ರಭುಲಿಂಗ ಆ ತುತ್ತನ್ನು ನುಂಗಿದ. ಹೆಂಡತಿಯ ಕೈ ಬೆನ್ನ ಮೇಲೆ ಹಾಗೇ ನಿಂತದ್ದು ಅವನಿಗೆ ತಿಳಿಯಿತು. ತಡೆದುಕೊಳ್ಳಬೇಕೆಂದು ಅವನು ನಿಜಕ್ಕೂ ಪ್ರಯತ್ನಪಟ್ಟ.

"ಯಾವ ವರ್ಷದ್ದು?" ಎಂದು ಕೇಳಿದ.

ಕಾವೇರಿ ಬಿಸಿಬೇಳೆ ಬಾತಿನ ತಟ್ಟೆಯನ್ನು ಅವನ ತೊಡೆಯ ಮೇಲಿಂದ ಎತ್ತಿ ಇನಾಯತ್ ಉಲ್ಲಾನ ಕೈಗೆ ಕೊಟ್ಟು, ಮನೆಯ ಕಡೆ ನಡೆದಳು.